ಸರ್ಕಲ್ಲಿನ ನಡುವೆ ನಮ್ಮ ಮನೆ

ಬಯಲಿನಲ್ಲಿ ನಡೆಯುವಾಗ ಇದ್ದಕ್ಕಿದ್ದಂತೆ ತಲೆ ತಗ್ಗಿಸುವ ಅಭ್ಯಾಸವೊಂದು ನನಗಿದೆ. ಮುದುಕಿ ಬಹಳ ವಿನಯವಂತೆ ಎಂದು ಕೆಲವರು ತಿಳಿದಿದ್ದಾರೆ. ಪುಕ್ಕಟೆ ಬಂದ ಒಳ್ಳೆಯ ಹೆಸರನ್ನು ಈ ವಯಸ್ಸಿನಲ್ಲಿ ಯಾರು ಬೇಡವೆನ್ನುತ್ತಾರೆ? ನಾನೂ ಸುಮ್ಮನಿದ್ದೆ. ಮೊನ್ನೆ ಮೊಮ್ಮಗಳ ಜೊತೆ ಪೇಟೆಗೆ ಹೋಗಿದ್ದಾಗ ಗುಟ್ಟು ರಟ್ಟಾಯಿತು. ದೊಡ್ಡ ಸರ್ಕಲ್ಲೊಂದನ್ನು ದಾಟುತ್ತಿದ್ದೆವು. ನೇರವಾಗಿ ಹೋಗುತ್ತಿದ್ದ ನಾನು ಒಂದು ಕಡೆ ನಿಂತು, ತಲೆ ಬಗ್ಗಿಸಿ, ಕಾಲೆತ್ತಿ ಏನನ್ನೋ ದಾಟಿ ಬಲಕ್ಕೆ ತಿರುಗಿದೆ. ಅಜ್ಜಿಗೆ ತಲೆಸುತ್ತು ಬಂತೆಂದು ಅವಳು ಗಾಬರಿಯಿಂದ ಕೈ ಹಿಡಿದುಕೊಂಡಳು. ಏನಿಲ್ಲ, ಇಲ್ಲಿ ಬಾಗಿಲು ಗಿಡ್ಡ ಎಂದೆ. ಅವಳು ಸುತ್ತ ನೋಡಿದಳು. ಒಬ್ಬ ಪೊಲೀಸಿನವನು, ಒಂದು ಬಸ್ಸು, ಒಂದು ಕಡಲೇಕಾಯಿ ಗಾಡಿ ಕಂಡವು. ಬಾಗಿಲು ಕಾಣಲಿಲ್ಲ.

ಅದನ್ನು ನಡುಬೀದಿಯಲ್ಲಿ ನಿಂತು ಹೇಳಲಾಗುವುದಿಲ್ಲ, ಕೂತು ಹೇಳಬೇಕು. ಅವಳಿಗೆ ಪುರಸೊತ್ತಿರಲಿಲ್ಲ. ನಿಮಗಿರಬಹುದು ಎಂಬ ಧೈರ್ಯದಿಂದ ಹೇಳುತ್ತೇನೆ.

ನನ್ನ ತವರು ನಂಜನಗೂಡು. ಅಲ್ಲಿ ನಮಗೆಲ್ಲ ಮೈಸೂರಿನ ವಿಷಯದಲ್ಲಿ ಬಾಯಿ ಬಾಯಿ ಬಿಡುವ ಭಕ್ತಿಯಿತ್ತು. ಮೈಸೂರಿನಲ್ಲಿ ಎಲ್ಲವೂ ಅಗಲ ಎಂದು ನಮ್ಮ ದೊಡ್ಡವ್ವ ಹೇಳುತ್ತಿದ್ದಳು. ರಸ್ತೆ ಅಗಲ, ಮನೆ ಅಗಲ, ಜನರ ಮನಸ್ಸೂ ಅಗಲ. ದೊಡ್ಡವ್ವ ಒಂದೇ ಒಂದು ಸಲ ದಸರೆಗೆ ಹೋಗಿ, ಗುಂಪಿನಲ್ಲಿ ಸಿಕ್ಕಿ, ಎದುರಿಗಿದ್ದ ಯಾರದೋ ಬೆನ್ನನ್ನು ಸಂಜೆಯವರೆಗೂ ನೋಡಿಕೊಂಡು ಹಿಂದಿರುಗಿದವಳು ಎಂಬುದು ನನಗೆ ತಿಳಿದದ್ದು ಆಮೇಲೆ. ಅಂತೂ ಮೈಸೂರಿನ ಸೊಸೆಯಾಗುತ್ತೇನೆಂದು ನಾನು ಗೆಳತಿಯರ ಮುಂದೆ ತಲೆಯೆತ್ತಿಕೊಂಡು ತಿರುಗಿದ್ದೇ ತಿರುಗಿದ್ದು. ಆ ತಲೆಯನ್ನು ತಗ್ಗಿಸಲು ಅತ್ತೆಯವರು ಹೆಚ್ಚು ದಿನ ತೆಗೆದುಕೊಳ್ಳಲಿಲ್ಲ.

ಅತ್ತೆಯವರೆಂದರೆ ಗೌರವ್ವನವರು. ಅಳತೆಯ ಮಾತು, ಹಣೆಯ ತುಂಬ ವಿಭೂತಿ, ಬೆಳಗಿನ ಲಿಂಗಪೂಜೆ ಮುಗಿಯುವವರೆಗೆ ಯಾರನ್ನೂ ಕಣ್ಣೆತ್ತಿ ನೋಡದ ಹೆಂಗಸು. ಮಾವನವರಿಗೆ ಸಂತೇಪೇಟೆಯಲ್ಲಿ ಬಟ್ಟೆ ಅಂಗಡಿ. ಊರಿನಲ್ಲಿ ಮರ್ಯಾದೆಯಿತ್ತು, ಮುನಿಸಿಪಾಲಿಟಿಯಲ್ಲಿ ಮೆಂಬರಾಗಿದ್ದರು. ನಮ್ಮ ಯಜಮಾನರು ಅವರಿಗೆ ಒಬ್ಬನೇ ಮಗ. ಒಂದೇ ಮಗುವಿನ ಮನೆ ಎಂದು ನಮ್ಮವರು ಸಂತೋಷದಿಂದ ಕೊಟ್ಟಿದ್ದರು. ಚಾಮರಾಜಪುರದಲ್ಲಿ ಗಾಳಿ ಬೆಳಕಿನ ಮನೆ. ಬಾಗಿಲುಗಳು ಎಷ್ಟು ಎತ್ತರವಾಗಿದ್ದವೆಂದರೆ ಮಾವನವರು ಪೇಟದ ಮೇಲೆ ಇನ್ನೊಂದು ಪೇಟ ಸುತ್ತಿಕೊಂಡು ಓಡಾಡಬಹುದಿತ್ತು.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಒಂದು ಸರ್ಕಲ್ಲು. ಅದರ ಹೆಸರು ಹೇಳುವುದಿಲ್ಲ, ಅದಕ್ಕೆ ಈಗ ಬೇರೆ ಹೆಸರಿದೆ. ಅಗಲವಾದ ಬಯಲು, ನಾಲ್ಕೂ ಕಡೆಯಿಂದ ಬಂದು ಸೇರುವ ರಸ್ತೆ, ನಡುವೆ ಆಳೆತ್ತರದ ಒಂದು ಕಲ್ಲಿನ ಪೀಠ. ಪೀಠದ ಮೇಲೆ ಏನೂ ಇರಲಿಲ್ಲ. ನಾನು ದೊಡ್ಡವ್ವನ ಮಾತು ನಿಜ, ಎಷ್ಟು ಅಗಲ ಎಂದುಕೊಳ್ಳುತ್ತಿದ್ದಾಗ ಅತ್ತೆ ಬಯಲಿನ ಅಂಚಿನಲ್ಲಿ ನಿಂತರು. ಸೆರಗು ಸರಿಮಾಡಿಕೊಂಡು, ತಲೆ ಬಗ್ಗಿಸಿ, ಎತ್ತರದ ಹೊಸ್ತಿಲು ದಾಟುವವರಂತೆ ಕಾಲೆತ್ತಿ ಇಟ್ಟರು. ತಿರುಗಿ ನೋಡಿ, “ತಲೆ ಜೋಪಾನ ಕಣವ್ವ, ಬಾಗ್ಲು ಗಿಡ್ಡ” ಎಂದರು.

ನಾನು ಬಗ್ಗಿದೆ. ಮದುವೆಯಾದ ಹೊಸತರಲ್ಲಿ ಅತ್ತೆ ಬಗ್ಗು ಎಂದರೆ ಯಾವ ಹುಡುಗಿ ತಾನೇ ಎಲ್ಲಿ ಬಾಗಿಲು ಎಂದು ಕೇಳುತ್ತಾಳೆ? ಬಗ್ಗಿದ್ದು ಸ್ವಲ್ಪ ಹೆಚ್ಚೇ ಆಗಿ ಕೈಲಿದ್ದ ಚೀಲ ನೆಲಕ್ಕೆ ತಾಗಿತು. ಅತ್ತೆ ಸ್ವಲ್ಪ ದೂರ ನೇರವಾಗಿ ನಡೆದು, ಎಡಕ್ಕೆ ತಿರುಗಿ, ಪೀಠವಿದ್ದ ಕಡೆಯನ್ನು ಚೌಕವಾಗಿ ಸುತ್ತು ಹಾಕಿ, ಆಚೆ ಬದಿಯಲ್ಲಿ ಮತ್ತೊಮ್ಮೆ ತಲೆ ತಗ್ಗಿಸಿ ಹೊರಬಿದ್ದರು. ಜಟಕಾದವರು ನಮ್ಮನ್ನು ನೋಡಿ ಗಾಡಿಯನ್ನು ಪಕ್ಕಕ್ಕೆ ಹೊಡೆದರು. ಅವರಿಗೆ ಇದು ಹಳೆಯದಾಗಿತ್ತು.

ಇದು ಅತ್ತೆಯವರೊಬ್ಬರ ನಡವಳಿಕೆಯೇನೋ ಎಂದುಕೊಂಡಿದ್ದೆ. ಮಾವನವರು ಅಂಗಡಿಗೆ ಹೋಗುವಾಗಲೂ ಹಾಗೆಯೇ. ಬಿಚ್ಚಿದ ಛತ್ರಿಯನ್ನು ಆ ಜಾಗ ಬಂದಕೂಡಲೇ ಮಡಿಸಿ, ತಲೆ ಬಗ್ಗಿಸಿ ‘ಒಳಗೆ’ ಹೋಗಿ, ಪೀಠವನ್ನು ಸುತ್ತಿಕೊಂಡು ‘ಹಿತ್ತಿಲಿನಿಂದ’ ಹೊರಬಂದು ಮತ್ತೆ ಛತ್ರಿ ಬಿಚ್ಚುವರು. ನಮ್ಮ ಯಜಮಾನರದೂ ಅದೇ ನಡಿಗೆ. ಅವರು ನನಗಿಂತ ಒಂದು ಮೊಳ ಎತ್ತರ. ಮೂಲೆಯಲ್ಲಿ ಅವರು ಭುಜ ಓರೆ ಮಾಡಿ ತೂರಿಕೊಂಡು ಹೋಗುವುದನ್ನು ನೋಡಿದರೆ ಗೋಡೆಯ ಸುಣ್ಣ ಅಂಗಿಗೆ ಹತ್ತೀತೆಂದು ನನಗೇ ಭಯವಾಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅವರು, ಅಲ್ಲಿ ಹಾಗೇ ಹೋಗಬೇಕು, ನಡೆಯಲು ಕಲಿತಾಗಿನಿಂದ ಹಾಗೇ ಹೋಗುತ್ತಿದ್ದೇನೆ, ಬೇರೆಯವರು ಯಾಕೆ ಹಾಗೆ ಹೋಗುವುದಿಲ್ಲವೋ ಕಾಣೆ ಎಂದರು.

ಆ ಶ್ರಾವಣದಲ್ಲಿ ಮಳೆ ನಮ್ಮನ್ನು ಸರ್ಕಲ್ಲಿನಲ್ಲೇ ಹಿಡಿಯಿತು. ಜನರೆಲ್ಲ ಓಡಿ ಅಂಗಡಿಗಳ ಸೂರಿನಡಿ ನಿಂತರು. ನಾನೂ ಓಡಲು ಹೊರಟೆ. ಅತ್ತೆ ನನ್ನ ತೋಳು ಹಿಡಿದು, ಒದ್ದೆಯಾಗ್ತೀಯ, ಒಳಗೆ ಬಾ ಎಂದು ಬಯಲಿನ ನಡುವೆ ಕರೆದುಕೊಂಡು ಹೋದರು. ಅಲ್ಲಿ ಇಬ್ಬರೂ ನಿಂತೆವು. ಧೋ ಎಂದು ಸುರಿಯಿತು. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, ಮಳೆ ನಿಲ್ಲಲಿ, ಹಜಾರದಲ್ಲಿ ಕೂತುಕೊಂಡರೆ ಎರಚಲು ಬಡಿಯುತ್ತೆ, ಇಲ್ಲಾದರೆ ಬೆಚ್ಚಗಿರುತ್ತೆ ಎಂದರು. ಅವರ ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು. ಎದುರಿನ ಅಂಗಡಿಯ ಸೂರಿನಿಂದ ಅರ್ಧ ಊರು ನಮ್ಮನ್ನು ನೋಡುತ್ತಿತ್ತು. ನಾನು ಹೂಂ ಅತ್ತೆ, ಬೆಚ್ಚಗಿದೆ ಎಂದೆ. ಮೂರು ದಿನ ಶೀತವಾಗಿ ಮಲಗಿದೆ. ಹೊಸ ನೀರಿನ ದೋಷ ಎಂದು ಅತ್ತೆಯವರೇ ಕಷಾಯ ಕಾಸಿ ಕೊಟ್ಟರು.

ಆಗ ನನ್ನನ್ನು ನೋಡಲು ಬಂದವರು ಪಕ್ಕದ ಮನೆಯ ಫಿಲೋಮಿನಮ್ಮ. ಕ್ರೈಸ್ತರ ಪೈಕಿ. ಅವರ ಗಂಡ ರೈಲ್ವೆಯಲ್ಲಿದ್ದರು. ಮೂವತ್ತರ ಒಳಗಿನ ವಯಸ್ಸು, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಸ್ವಭಾವ. ಅತ್ತೆ ಒಳಗಿದ್ದಾಗ ನಾನು ಮೆಲ್ಲಗೆ ಸರ್ಕಲ್ಲಿನ ವಿಷಯ ಎತ್ತಿದೆ. ಅವರಿಗೆ ಆಶ್ಚರ್ಯವಾಯಿತು. ನನಗೆ ಗೊತ್ತಿಲ್ಲವೆಂಬುದಕ್ಕೆ ಆಶ್ಚರ್ಯ. ಅದು ನಿಮ್ಮನೆ ಕಣಮ್ಮ ಎಂದರು.

ಈಗ ಸರ್ಕಲ್ಲಿರುವ ಕಡೆ ಮೊದಲು ಒಂದು ಕೇರಿಯಿತ್ತಂತೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಇಕ್ಕಟ್ಟು. ಅಲ್ಲಿ ಮಾವನವರ ಮನೆ, ಅದರ ಬೆನ್ನಿಗೆ ಫಿಲೋಮಿನಮ್ಮನ ತವರುಮನೆ. ಪ್ಲೇಗು ಬಂತು. ಕೇರಿಗೆ ಕೇರಿಯನ್ನೇ ಖಾಲಿ ಮಾಡಿಸಿ ಊರಾಚೆಯ ಷೆಡ್ಡುಗಳಿಗೆ ಕಳಿಸಿದರು. ಬಿಸಿಲು ಬೀಳಲಿ ಎಂದು ಮನೆಗಳ ಹೆಂಚು ತೆಗೆಸಿದರು. ಜನ ಹಿಂತಿರುಗುವಷ್ಟರಲ್ಲಿ, ಊರಿಗೆ ಗಾಳಿ ಬೆಳಕು ಬರಬೇಕು, ಇಲ್ಲಿ ಅಗಲವಾದ ರಸ್ತೆಯಾಗಬೇಕು ಎಂದು ತೀರ್ಮಾನವಾಗಿತ್ತು. ಗೋಡೆಗಳನ್ನು ಕೆಡವಿ, ನೆಲ ಸಮ ಮಾಡಿ, ಶೋಭೆಗೆ ಒಂದು ಪೀಠ ಕಟ್ಟಿದರು. ಪರಿಹಾರ ಕೊಟ್ಟರು, ಚಾಮರಾಜಪುರದಲ್ಲಿ ಜಾಗ ಕೊಟ್ಟರು. ಯಾರಿಗೂ ಅನ್ಯಾಯವಾಗಲಿಲ್ಲ ಎಂದು ಫಿಲೋಮಿನಮ್ಮ ಹೇಳಿದರು. ಅವರ ತವರುಮನೆಯ ಅಡುಗೆಮನೆಯ ಮೇಲೆ ಈಗ ಜಟಕಾ ಓಡುತ್ತವಂತೆ. ಅವರು ಅದರ ಮೇಲೆ ಹಾಗೇ ನಡೆದುಕೊಂಡು ಹೋಗುತ್ತಿದ್ದರಂತೆ.

ಹಾಗಾದರೆ ಪೀಠವನ್ನು ಮಾತ್ರ ಯಾಕೆ ಸುತ್ತು ಹಾಕುತ್ತಾರೆ ಎಂದು ಕೇಳಿದೆ. ಅಲ್ಲೊಂದು ಕೋಣೆಯಿತ್ತು, ದೇವರ ಕೋಣೆಯಿರಬೇಕು, ನಮ್ಮನ್ನು ಜಗಲಿಯಿಂದ ಒಳಗೆ ಬಿಡುತ್ತಿರಲಿಲ್ಲವಲ್ಲ ಎಂದರು.

ವಿಷಯ ತಿಳಿದ ಮೇಲೆ ನನಗೆ ಒಂದು ಬಗೆಯ ನೆಮ್ಮದಿಯಾಯಿತು. ಬಹುಬೇಗ ಆ ಮನೆ ನನಗೂ ಅಭ್ಯಾಸವಾಯಿತು. ಚಾಮರಾಜಪುರದ ನಿಜವಾದ ಮನೆಯಲ್ಲಿ ಉಗ್ರಾಣಕ್ಕೆಂದು ಹೋಗಿ ಬಚ್ಚಲುಮನೆಗೆ ನುಗ್ಗುತ್ತಿದ್ದವಳು ನಾನು. ಸರ್ಕಲ್ಲಿನ ಮನೆಯಲ್ಲಿ ಒಂದು ಸಲವೂ ದಾರಿ ತಪ್ಪಲಿಲ್ಲ.

ಬೇರೆಯವರಿಗೆ ವಿಷಯ ಗೊತ್ತಿರಲಿಲ್ಲ. ಮುನಿಸಿಪಾಲಿಟಿಯ ಮೆಂಬರು, ದೊಡ್ಡ ವರ್ತಕರು, ದಿನವೂ ಪೀಠದ ಹತ್ತಿರ ಛತ್ರಿ ಮಡಿಸಿ ತಲೆ ಬಗ್ಗಿಸುವುದನ್ನು ಹೊಸಬರು ನೋಡಿದರು. ಇದೇನೋ ರಿವಾಜು ಇರಬೇಕೆಂದು ಕೆಲವರು ತಾವೂ ಬಗ್ಗತೊಡಗಿದರು. ಹತ್ತಿರದ ಶಾಲೆಯ ಮೇಷ್ಟ್ರೊಬ್ಬರು, ಪೀಠದ ಮುಂದೆ ಶಿರಬಾಗುವುದು ಈ ಊರಿನ ಬಹು ಪುರಾತನ ಸಂಪ್ರದಾಯ ಎಂದು ಪಾಠ ಮಾಡಿ, ಮಕ್ಕಳನ್ನು ಸಾಲಾಗಿ ಕರೆತಂದು ಬಗ್ಗಿಸಿಕೊಂಡು ಹೋದರು. ಪೀಠಕ್ಕೆ ಆಗ ಮೇಷ್ಟ್ರ ಅರ್ಧದಷ್ಟೂ ವಯಸ್ಸಾಗಿರಲಿಲ್ಲ. ಯಾರೋ ಖಾಲಿ ಪೀಠಕ್ಕೆ ಹಾರ ಹಾಕಿದರು. ಹಾರ ಹಾಕಲು ಕೊರಳಿಲ್ಲದೆ ಸುಮ್ಮನೆ ಮೇಲಿಟ್ಟು ಹೋದರು.

ಆ ಪೀಠ ಅಷ್ಟು ವರ್ಷ ಖಾಲಿ ಉಳಿದದ್ದು ಮಾವನವರಿಂದಲೇ ಎಂದು ಯಜಮಾನರು ಹೇಳಿದರು. ಮಾವನವರು ಮೆಂಬರಾದ ದಿನದಿಂದ, ಪೀಠದ ಮೇಲೆ ಏನಾದರೂ ಇಡೋಣ ಎಂಬ ಸೂಚನೆ ಮೀಟಿಂಗಿಗೆ ಬಂದಾಗಲೆಲ್ಲ ಎದ್ದು ನಿಂತು ವಿರೋಧಿಸುತ್ತಿದ್ದರು. ದೀಪದ ಕಂಬ ಎಂದರೆ ಕಣ್ಣಿಗೆ ಹೊಡೆಯುತ್ತದೆ ಎನ್ನುವರು. ಪ್ರತಿಮೆ ಎಂದರೆ ಕಾಗೆ ಕೂರುತ್ತದೆ ಎನ್ನುವರು. ನಲ್ಲಿ ಎಂದರೆ ಕೆಸರಾಗುತ್ತದೆ ಎನ್ನುವರು. ಉಳಿದ ಯಾವ ವಿಷಯದಲ್ಲೂ ಅವರು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಬಿಟ್ಟಾಗ ಜನ ಹೆದರಿ ಒಪ್ಪುತ್ತಿದ್ದರು.

ಆ ವರ್ಷ ಹೊಸ ಪ್ರೆಸಿಡೆಂಟರು ಬಂದರು. ಸೌಮ್ಯ ಮನುಷ್ಯ, ಆದರೆ ಗಡಿಯಾರದ ಹುಚ್ಚು. ದಸರೆಯೊಳಗೆ ಸರ್ಕಲ್ಲಿನಲ್ಲಿ ಗಡಿಯಾರ ಇಡಲೇಬೇಕೆಂದು, ಮಾವನವರು ಜ್ವರದಿಂದ ಬಾರದ ಒಂದು ಮೀಟಿಂಗಿನಲ್ಲಿ ತೀರ್ಮಾನ ಮಾಡಿಸಿದರು. ಮದರಾಸಿನ ಯಾವುದೋ ಕಂಪನಿಗೆ ಆರ್ಡರು ಹೋಯಿತು. ದೊಡ್ಡ ಪೆಟ್ಟಿಗೆ ಬಂತು. ಒಡೆದು ನೋಡಿದರೆ ಒಳಗೆ ಹುಲ್ಲಿನ ನಡುವೆ ಬಿಳಿಯ ಅಮೃತಶಿಲೆಯ ಹೆಂಗಸೊಬ್ಬಳು ಮಲಗಿದ್ದಳು. ಕೈಯಲ್ಲಿ ಒಂದು ಮೀನು. ಮೀನಿನ ಬಾಯಿಂದ ನೀರು ಚಿಮ್ಮಲು ಕೊಳವೆ.

ಹಿಂದಕ್ಕೆ ಕಳಿಸಿದರೆ ದಸರೆಯೊಳಗೆ ಬೇರೆ ಬರುವ ಹಾಗಿರಲಿಲ್ಲ. ಇವಳನ್ನೇ ಇಡೋಣ ಎಂದಾಯಿತು. ಇವಳು ಯಾರು ಎಂಬುದು ಇತ್ಯರ್ಥವಾಗಲಿಲ್ಲ. ವಿದ್ಯಾದೇವತೆ ಎಂದರು ಒಬ್ಬರು. ಗಂಗೆ ಎಂದರು ಇನ್ನೊಬ್ಬರು. ಮೀನಿನ ವಿಷಯಕ್ಕೆ ನಮ್ಮ ಕಡೆಯ ವರ್ತಕರು ಮುಖ ಹುಳಿ ಮಾಡಿದಾಗ, ಅದು ಮೀನಲ್ಲ, ಮೀನಿನ ಆಕಾರದ ಕಮಂಡಲು ಎಂದು ಪ್ರೆಸಿಡೆಂಟರು ಸಮಾಧಾನ ಹೇಳಿದರು. ಕೊನೆಗೆ, ಇಷ್ಟು ವರ್ಷ ವಿರೋಧ ಮಾಡಿದವರಿಗೆ ಗೌರವ ಕೊಟ್ಟು ಒಲಿಸಿಕೊಳ್ಳಬೇಕೆಂದು, ಪರದೆಯ ದಾರ ಎಳೆಯುವ ಕೆಲಸವನ್ನು ಮಾವನವರಿಗೇ ಒಪ್ಪಿಸಿದರು. ಸ್ವತಃ ಮನೆಗೆ ಬಂದು, ಕೈಮುಗಿದು, ಇಲ್ಲ ಎನ್ನಬಾರದು ಎಂದರು. ಮನೆಗೆ ಬಂದು ಕೈಮುಗಿದವರಿಗೆ ಮಾವನವರು ಇಲ್ಲವೆನ್ನಲಿಲ್ಲ.

ಪ್ರೆಸಿಡೆಂಟರ ಗಾಡಿ ತಿರುಗುವುದರೊಳಗೆ ಅತ್ತೆ ಅಡುಗೆಮನೆಯಿಂದ ಹೊರಬಂದರು. ಅವರು ಮಾವನವರಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನೀವು ಅಲ್ಲಿ ಕಾಲಿಡಕೂಡ್ದು.”

“ಅಲ್ಲೇನೈತೆ? ಒಂದು ಕಲ್ಲು.”

“ಏನೂ ಇಲ್ದಿದ್ರೆ ಇಷ್ಟು ವರ್ಷ ಯಾಕೆ ಸುತ್ಕೊಂಡು ಹೋದ್ರಿ?”

ಮಾವನವರು ಆ ದಿನ ಊಟಕ್ಕೆ ಏಳಲಿಲ್ಲ. ನಮ್ಮ ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ದೇವರ ಕೋಣೆಗೆ ಇಷ್ಟು ಜಗಳವೇ ಎಂದುಕೊಂಡೆವು.

ಸಮಾರಂಭದ ಮಧ್ಯಾಹ್ನ ಸರ್ಕಲ್ಲಿಗೆ ಶಾಮಿಯಾನ ಹಾಕಿದ್ದರು. ಬ್ಯಾಂಡಿನವರು ಕೆಂಪು ಅಂಗಿ ತೊಟ್ಟು ಬಂದಿದ್ದರು. ಪೀಠದ ಸುತ್ತ ಮರದ ವೇದಿಕೆ, ಮೇಲೆ ಬಟ್ಟೆ ಮುಸುಕಿಕೊಂಡ ಹೆಂಗಸು. ಗಣ್ಯರು ಬಂದರು, ಅಧಿಕಾರಿಗಳು ಬಂದರು. ಎಲ್ಲರೂ ನಮ್ಮ ಹಜಾರದ ಗೋಡೆಯಲ್ಲೇ ತೂರಿಕೊಂಡು ಬಂದು ಕುರ್ಚಿಗಳಲ್ಲಿ ಕುಳಿತರು. ಅಡುಗೆಮನೆಯಲ್ಲಿ ಬೂಟು ಕಾಲಿನ ಒಬ್ಬ ಸಾಹೇಬರು ಚುಟ್ಟಾ ಸೇದುತ್ತಿದ್ದರು. ನಾನು ಹೆಂಗಸರ ಕಡೆ ಅತ್ತೆಯವರ ಪಕ್ಕ ಕೂತಿದ್ದೆ. ಬರುವುದಿಲ್ಲ ಎಂದಿದ್ದವರು ಕೊನೆ ಗಳಿಗೆಯಲ್ಲಿ ಸೀರೆ ಬದಲಾಯಿಸಿ ಹೊರಟು ಬಂದಿದ್ದರು. ಅವರ ಮುಖ ಗೋಡೆಯ ಹಾಗಿತ್ತು.

ಪ್ರೆಸಿಡೆಂಟರು ಮಾವನವರ ಹೆಸರು ಕರೆದರು. ಬ್ಯಾಂಡು ಶುರುವಾಯಿತು. ಮಾವನವರು ಎದ್ದು ನಾಲ್ಕು ಹೆಜ್ಜೆ ನಡೆದು, ವೇದಿಕೆಯ ಮೆಟ್ಟಿಲಿಗೆ ಮಾರುದೂರದಲ್ಲಿ ನಿಂತುಬಿಟ್ಟರು. ಅದು ಆ ಕೋಣೆಯ ಬಾಗಿಲು. ಸಂಕೋಚವೆಂದುಕೊಂಡು ಪ್ರೆಸಿಡೆಂಟರು ಬನ್ನಿ ಬನ್ನಿ ಎಂದರು. ಮಾವನವರು ಕದಲಲಿಲ್ಲ. ಛತ್ರಿಯನ್ನು ಪಕ್ಕಕ್ಕೆ ಒರಗಿಸಿಟ್ಟರು. ಒರಗಲು ಅಲ್ಲಿ ಏನೂ ಇಲ್ಲದ್ದರಿಂದ ಅದು ಬಿತ್ತು. ಜೋಡು ಬಿಟ್ಟರು. ಅಗುಳಿ ತೆಗೆಯುವವರ ಹಾಗೆ ಬಲಗೈ ಎತ್ತಿದರು. ಕೈ ಅರ್ಧಕ್ಕೆ ನಿಂತು ಕೆಳಗಿಳಿಯಿತು. ಮತ್ತೆ ಎತ್ತಿದರು, ಮತ್ತೆ ಇಳಿಯಿತು. ಬ್ಯಾಂಡಿನವರು ಅದೇ ಸಾಲನ್ನು ತಿರುಗಿ ತಿರುಗಿ ಬಾರಿಸುತ್ತಿದ್ದರು.

ಅತ್ತೆ ಎದ್ದರು. ಅಷ್ಟು ಜನರ ನಡುವೆ, ಆ ಹೊತ್ತಿನಲ್ಲೂ, ನಡುಮನೆಯಿಂದ ಬಳಸಿಕೊಂಡೇ ಬಂದು ಮಾವನವರ ಪಕ್ಕದಲ್ಲಿ ನಿಂತರು. ಕೈಚಾಚಿ, ಇಲ್ಲದ ಅಗುಳಿಯನ್ನು ಸರಿಸಿ, ಇಲ್ಲದ ಬಾಗಿಲನ್ನು ಒಳಕ್ಕೆ ತಳ್ಳಿದರು.

“ಮೆಲ್ಲಗೆ ಹೋಗಿ” ಎಂದರು. “ಮಗು ಮಲಗೈತೆ.”

ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಯಾವ ಮಗು, ಯಾರ ಮಗು ಎಂದು ಯಾರಿಗೂ ತಿಳಿಯಲಿಲ್ಲ. ಆದರೆ ಪ್ರೆಸಿಡೆಂಟರು ಸೌಮ್ಯ ಮನುಷ್ಯ ಎಂದೆನಲ್ಲ. ಯಾರೋ ಹೆಣ್ಣುಮಕ್ಕಳು ಕೂಸನ್ನು ವೇದಿಕೆಯ ಹಿಂದೆ ಮಲಗಿಸಿರಬೇಕೆಂದು ತಿಳಿದು, ಬ್ಯಾಂಡಿನವರಿಗೆ ನಿಲ್ಲಿಸುವಂತೆ ಸನ್ನೆ ಮಾಡಿದರು. ಮಾವನವರ ಬರಿಗಾಲು ನೋಡಿ ತಾವೂ ಬೂಟು ಬಿಚ್ಚಿದರು. ಪ್ರೆಸಿಡೆಂಟರು ಬಿಚ್ಚಿದ್ದನ್ನು ನೋಡಿ ಮೆಂಬರುಗಳೆಲ್ಲ ಬಿಚ್ಚಿದರು. ಸಾಹೇಬರು ಚುಟ್ಟಾ ಆರಿಸಿ, ಅಕ್ಕಪಕ್ಕ ನೋಡಿ, ಬಹಳ ಕಷ್ಟಪಟ್ಟು ಬೂಟಿನ ಲಾಡಿ ಬಿಚ್ಚತೊಡಗಿದರು. ಎಲ್ಲರೂ ಕಾಲ್ಬೆರಳ ಮೇಲೆ ನಡೆದು ವೇದಿಕೆ ಹತ್ತಿದರು. ಪ್ರೆಸಿಡೆಂಟರು ಬರೆದು ತಂದಿದ್ದ ದೊಡ್ಡ ಭಾಷಣವನ್ನು ಪಿಸುಮಾತಿನಲ್ಲಿ ಓದಿದರು. ಮೊದಲ ಸಾಲಿಗೂ ಕೇಳಿಸಲಿಲ್ಲ. ಕೇಳಿಸದಿದ್ದರೂ ಜನ ಶಬ್ದ ಮಾಡದೆ ಅಂಗೈ ಅಂಗೈ ಒತ್ತಿ ಚಪ್ಪಾಳೆ ತಟ್ಟಿದರು. ಸೋಡಾ ಮಾರುವವನು ಗೋಲಿ ಒಳಕ್ಕೆ ಒತ್ತದೆ ಬಾಟಲು ಹಿಡಿದುಕೊಂಡು ನಿಂತಿದ್ದ.

ಮಾವನವರು ದಾರ ಎಳೆದರು. ಬಟ್ಟೆ ಜಾರಿ ಮೀನಿಗೆ ಸಿಕ್ಕಿಕೊಂಡಿತು. ಓವರ್‌ಸಿಯರು ಏಣಿ ತಂದು ಸದ್ದಿಲ್ಲದೆ ಬಿಡಿಸಿದರು. ನಲ್ಲಿ ತಿರುಗಿಸಿದಾಗ ಮೀನು ಗೊರಗೊರ ಎಂದು ಎರಡು ಹನಿ ಉಗುಳಿ ಸುಮ್ಮನಾಯಿತು. ಸದ್ಯ, ಎಂದು ಎಲ್ಲರೂ ಉಸಿರು ಬಿಟ್ಟರು.

ಮಾವನವರು ಇದನ್ನು ಯಾವುದನ್ನೂ ನೋಡುತ್ತಿರಲಿಲ್ಲ. ದಾರ ಕೈಬಿಟ್ಟು ಪೀಠದ ಬುಡದಲ್ಲಿ ಹಲಗೆಯ ಮೇಲೆ ಕೂತುಬಿಟ್ಟಿದ್ದರು. ಕಲ್ಲಿನ ಮೇಲೆ ಅಂಗೈಯಿಟ್ಟು, ಮಲಗಿದ ಮಗುವಿನ ಬೆನ್ನು ತಟ್ಟುವ ಹಾಗೆ ಮೆಲ್ಲಗೆ ತಟ್ಟುತ್ತಿದ್ದರು. ಅತ್ತೆ ಹೊಸ್ತಿಲಿನಲ್ಲಿ ನಿಂತೇ ಇದ್ದರು. ಗಣ್ಯರು ಅವರಿಬ್ಬರನ್ನೂ ಬಳಸಿಕೊಂಡು ಇಳಿದು, ತಮ್ಮ ತಮ್ಮ ಬೂಟು ಹುಡುಕಿಕೊಂಡು, ಕಾಫಿಗೆ ಹೋದರು.

ಮನೆಗೆ ಬಂದ ಮೇಲೆ, ಸಂಜೆ ಜಗಲಿಯಲ್ಲಿ, ಮಾವನವರು ಹೇಳಿದರು. ನಮ್ಮ ಯಜಮಾನರಿಗೆ ಎಂದು ಹೇಳಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಅವರಿಗೆ ಮೊದಲು ಒಬ್ಬಳು ಮಗಳಿದ್ದಳು. ಹೆಸರು ನೀಲ. ಪ್ಲೇಗಿನ ಕಾಲದಲ್ಲಿ ಆರು ವರ್ಷದವಳು. ಕೇರಿ ಖಾಲಿ ಮಾಡಬೇಕೆಂಬ ಹುಕುಂ ಬರುವ ಮುಂಚೆಯೇ ಅವಳಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಕಂಡಿತು. ಜ್ವರ ಬಂದವರನ್ನು ಎತ್ತಿಕೊಂಡು ಹೋಗಿ ಊರಾಚೆಯ ಕ್ಯಾಂಪಿನಲ್ಲಿ ಹಾಕುತ್ತಾರೆ, ಹೋದವರು ಬರುವುದಿಲ್ಲ ಎಂದು ಕೇರಿಯೆಲ್ಲ ನಡುಗುತ್ತಿತ್ತು. ಇನ್‌ಸ್ಪೆಕ್ಟರು ಮನೆಮನೆ ನೋಡಲು ಬಂದಾಗ ಮಾವನವರು ಮಗುವನ್ನು ಆ ಕೋಣೆಯಲ್ಲಿ ಮಲಗಿಸಿ, ಹೊರಗಿನಿಂದ ಅಗುಳಿ ಹಾಕಿ, ಅದರ ಮುಂದೆ ನಿಂತರು. ಇನ್‌ಸ್ಪೆಕ್ಟರು ಒಳಗೆ ಯಾರಿದ್ದಾರೆ ಎಂದು ಕೇಳಿದರು. ಒಳಗೆ ಯಾರೂ ಇಲ್ಲ ಎಂದರು. ಮಕ್ಕಳೆಷ್ಟು ಎಂದರೆ, ಮಕ್ಕಳಿಲ್ಲ ಎಂದರು. ಅವರು ಹಜಾರದಲ್ಲಿ ಕೂತು ನೀರು ಕೇಳಿ ಕುಡಿದು, ಏನೇನೋ ವಿಚಾರಿಸಿ, ನಿಧಾನವಾಗಿ ಹೋದರು. ಬಾಗಿಲು ತೆಗೆದಾಗ ಮಾವನವರು ಹೇಳಿದ ಮಾತು ನಿಜವಾಗಿತ್ತು.

ಅಳುವ ಹಾಗಿರಲಿಲ್ಲ. ಅತ್ತರೆ ಬಚ್ಚಿಟ್ಟದ್ದು ತಿಳಿಯುತ್ತಿತ್ತು. ಮಾರನೆಯ ದಿನ ಕೇರಿ ಖಾಲಿಯಾಗುವಾಗ ಪಾತ್ರೆ ಪಡಗದ ಗಾಡಿಯಲ್ಲಿ, ಹಾಸಿಗೆ ಸುರುಳಿಯೊಳಗೆ ಕರೆದುಕೊಂಡು ಹೋಗಿ, ಕೆರೆಯಾಚೆ ಮಣ್ಣು ಮಾಡಿದರು. ನೆರೆಯವರಿಗೆ ಅಜ್ಜಿಮನೆಗೆ ಹೋದಳು ಎಂದರು. ಷೆಡ್ಡಿನಲ್ಲಿದ್ದಾಗ ನಮ್ಮ ಯಜಮಾನರು ಹುಟ್ಟಿದರು. ಕೇರಿಯ ಜನ ದಿಕ್ಕುದಿಕ್ಕಿಗೆ ಹೋದ್ದರಿಂದ ಆಮೇಲೆ ಯಾರೂ ಕೇಳಲಿಲ್ಲ. ಯಾರೂ ಕೇಳದಿದ್ದುದರಿಂದ ಇವರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಮನೆಯಲ್ಲಿದ್ದು ಇಬ್ಬರೂ ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ. ಪೀಠ ಕಟ್ಟಿದಾಗ ಅದು ಎಲ್ಲಿ ಬಂತು ಎಂಬುದನ್ನು ಇಬ್ಬರೂ ಬೇರೆ ಬೇರೆಯಾಗಿ ಹೋಗಿ ನೋಡಿಕೊಂಡು ಬಂದಿದ್ದರಂತೆ.

ನಮ್ಮ ಯಜಮಾನರು ಎದ್ದು ಹಿತ್ತಿಲಿಗೆ ಹೋದರು. ಅಷ್ಟು ಎತ್ತರದ ಗಂಡಸು ಬಾವಿಕಟ್ಟೆಯ ಮೇಲೆ ಕೂತು, ತಾನು ನೋಡದ ಅಕ್ಕನಿಗಾಗಿ ಬಿಕ್ಕಿ ಬಿಕ್ಕಿ ಅತ್ತರು. ನಾನು, ಅತ್ತೆ ಕಾಸಿ ಕೊಡುತ್ತಿದ್ದ ಕಷಾಯವನ್ನೇ ಕಾಸಿಕೊಂಡು ಹೋಗಿ ಕೊಟ್ಟೆ. ಕುಡಿದರು.

ಮಾರನೆಯ ದಿನ ಬೆಳಿಗ್ಗೆ ಮಠದಿಂದ ಅಯ್ಯನವರನ್ನು ಕರೆಸಿದರು. ಇಷ್ಟು ಹಳೆಯ ಸಾವಿಗೆ ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ವಿಭೂತಿ ಕೊಟ್ಟು, ಪಾದೋದಕ ಕೊಟ್ಟು, ಊಟ ಮಾಡಿ ಹೋದರು. ಸುದ್ದಿ ಹೇಗೋ ಹರಡಿತ್ತು. ಬೀದಿಯ ಜನ ಮಾತಾಡಿಸಲು ಬರತೊಡಗಿದರು. ಯಾವಾಗ ಆಯಿತು ಎಂದು ರೂಢಿಯಂತೆ ಕೇಳಿ, ಉತ್ತರ ಕೇಳಿ, ತಬ್ಬಿಬ್ಬಾಗಿ ಎದ್ದು ಹೋಗುತ್ತಿದ್ದರು. ಅತ್ತೆ ಮಾತ್ರ ಬಂದವರಿಗೆಲ್ಲ ನೀಲಳ ವಿಷಯ ಹೇಳತೊಡಗಿದರು. ಅಷ್ಟು ಮಾತು ಅವರೊಳಗೆ ಎಲ್ಲಿತ್ತೋ. ಬೆಲ್ಲ ಕಂಡರೆ ಬಿಡುತ್ತಿರಲಿಲ್ಲ. ಜಡೆ ಹೆಣೆಯಲು ಕೂತರೆ ಕುಣಿಯುತ್ತಿದ್ದಳು. ಎಡಗಡೆ ಮುಂದಿನ ಹಲ್ಲು ಬಿದ್ದು, ನಕ್ಕರೆ ಕಿಟಕಿ ತೆರೆದ ಹಾಗಿತ್ತು.

“ಬಲಗಡೇದು” ಎಂದರು ಮಾವನವರು, ಹೊರಗಿನಿಂದ.

ಎಡಗಡೇದೇ ಎಂದರು ಅತ್ತೆ. ಮಾವನವರು ಒಳಗೆ ಬಂದರು. ತಾನೇ ಎತ್ತಿಕೊಂಡು ಸೂರಿನ ಮೇಲೆ ಹಲ್ಲು ಎಸೆಸಿದ್ದು, ತನಗೆ ಗೊತ್ತಿಲ್ಲವೇ ಎಂದರು. ಎಸೆಸಿದ್ದು ನೀವು, ದಿನಾ ಬಾಯಿ ತೊಳೆಸಿದ್ದು ನಾನು ಎಂದರು ಅತ್ತೆ. ನೋಡುತ್ತಿದ್ದಂತೆ ಇಬ್ಬರಿಗೂ ಬಿರುಸಾಗಿ ಹತ್ತಿಕೊಂಡಿತು. ಮಾತಾಡಿಸಲು ಬಂದಿದ್ದವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, ಅಕ್ಕ ನನ್ನ ಹಾಗಿದ್ದಳೇ ಎಂದು ಕೇಳಿದರು. ಜಗಳ ನಿಲ್ಲಿಸದೆಯೇ ಇಬ್ಬರೂ ಒಟ್ಟಿಗೆ, ನಿನಗಿಂತ ಲಕ್ಷಣವಾಗಿದ್ದಳು ಎಂದರು.

ಆ ಹೊತ್ತಿಗೆ ಫಿಲೋಮಿನಮ್ಮ ಬಂದರು. ಅವರು ಬೇಯಿಸಿದ್ದನ್ನು ನಾವು ತಿನ್ನುವುದಿಲ್ಲವೆಂದು ಒಂದು ಚಿಪ್ಪು ಬಾಳೆಹಣ್ಣು ತಂದಿದ್ದರು. ಅತ್ತು ಅವರ ಕಣ್ಣು ಊದಿತ್ತು. ಒಳಗೆ ಬಂದು ಹಣ್ಣು ಕೆಳ‌ಗಿಟ್ಟು, ಸ್ವಲ್ಪ ಹೊತ್ತು ಹಲ್ಲಿನ ವಾದವನ್ನು ಕೇಳುತ್ತಾ ನಿಂತರು.

“ಎರಡೂ ಬಿದ್ದಿದ್ವು ಗೌರವ್ವನೋರೇ” ಎಂದರು. “ಒಂದು ತಾನೇ ಬಿತ್ತು. ಇನ್ನೊಂದು, ಜಗಲಿ ಮೇಲೆ ಆಡ್ತಾ ನಾನು ತಳ್ಳಿದ್ದಕ್ಕೆ ಬಿತ್ತು. ಯಾರ್ಗೂ ಹೇಳ್ಬೇಡ ಅಂದೆ. ಅಜ್ಜಿಮನೆಗೆ ಹೋದ್ಳು ಅಂದ್ರಿ. ಬಂದ್ರೆ ನನ್ನ ಹೆಸರು ಹೇಳ್ತಾಳೆ ಅಂತ ಎಷ್ಟೋ ದಿನ ಹೆದರ್ಕೊಂಡೇ ಕಾಯ್ತಿದ್ದೆ. ಮದ್ವೆ ಆಗಿ ಈ ಬೀದಿಗೆ ಬಂದ್ಮೇಲೂ ನಿಮ್ಮನ್ನ ಕೇಳೋ ಧೈರ್ಯ ಬರ್ಲಿಲ್ಲ.”

ಮಾವನವರು ಗೋಡೆಗೆ ಒರಗಿಕೊಂಡರು. ಅತ್ತೆ ಫಿಲೋಮಿನಮ್ಮನನ್ನೇ ದಿಟ್ಟಿಸಿ ನೋಡಿದರು. ನಾನು ಅವರ ಮುಖದಲ್ಲಿ ನಗು ಅಷ್ಟು ಹತ್ತಿರ ಬಂದದ್ದನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಬೆಲ್ಲದ ಅಚ್ಚು ಕಚ್ಚಿ ಬಿತ್ತು ಅಂತ ನಂಗೆ ಸುಳ್ಳು ಹೇಳವ್ಳೆ” ಎಂದರು. “ಬರ್ಲಿ ಅವ್ಳು, ವಿಚಾರಿಸ್ಕೋತೀನಿ.”

ಹಾಗೆಂದವರು ಬೀದಿಬಾಗಿಲ ಕಡೆ ನೋಡಿದರು. ಬಾಗಿಲು ತೆರೆದಿತ್ತು, ಹೊರಗೆ ಬಿಸಿಲಿತ್ತು. ನಾವೆಲ್ಲರೂ ಅತ್ತಲೇ ನೋಡುತ್ತಾ ಕೂತೆವು.